ಗೊತ್ತಿಲ್ಲವೇ? ಹಾಗಾದರೆ ಬೇಡ!

ತೆಕ್ಕಲಕೋಟೆಯಲ್ಲಿ ಕೂತು ಬೆಂಗಳೂರಿನ ಆಫೀಸಿಗೆ ವಿಪಿಎನ್ ಹಾಕಿಕೊಳ್ಳಲು ಹೊರಟರೆ, ಮೊದಲು ಲಿನಕ್ಸ್ ಕರ್ನಲ್ಲನ್ನೇ ಹೊಸದಾಗಿ ಕಟ್ಟಿಕೋ ಅನ್ನುತ್ತದೆ ಸೂಚನೆ. ಮೆನು ತೆರೆದರೆ ಸಾವಿರಾರು ಪ್ರಶ್ನೆ. ಹೆಚ್ಚಿನವಕ್ಕೆ ಉತ್ತರ ಮಾತ್ರ ವೈ, ಎಂ ಅಥವಾ ಎನ್. ಅಂದರೆ ಒಳಗೇ ಇರಲಿ, ಕರೆದಾಗ ಬರಲಿ, ಬೇಡವೇ ಬೇಡ.

ಆಫೀಸಿನವರು ಬಳಸುವ ಓಪನ್‌ವಿಪಿಎನ್‌ಗೆ ಬೇಕಾದ 'ಟನ್/ಟ್ಯಾಪ್' ಡಿವೈಸ್ ಡ್ರೈವರ್‌ಗಳ ಹೊಟ್ಟೆಯೊಳಗೆಲ್ಲೋ ಅಡಗಿದೆ. ಹುಡುಕಿ ಸಹಾಯ ಕೇಳಿದರೆ, ಇದು ಯಾತಕ್ಕೆಂದು ಗೊತ್ತಿಲ್ಲದಿದ್ದರೆ ನಿಮಗಿದು ಬೇಕಿಲ್ಲ ಎಂಬ ಉತ್ತರ. ಎಂಥಾ ಸಹಾಯನಪ್ಪಾ! 2020ರ ಮಾರ್ಚ್‌ನಲ್ಲಿ ಬಂದ 5.6ನೇ ಕರ್ನಲ್ಲಿಗೆ ವೈರ್‌ಗಾರ್ಡ್ ಎಂಬ ಹೊಸ ವಿಪಿಎನ್ ಸೇರಿತೇನೋ ನಿಜ. ಆಫೀಸಿನವರು ಹಳೆಯದನ್ನು ಬಿಡಬೇಕಲ್ಲ.

ಒಗ್ಗರಣಿ-ಮಿರ್ಚಿ ತಿನ್ನುತ್ತಿದ್ದ ಸೋದರಮಾವ, "ಎಲ್ಲಾದಕ್ಕೂ ವೈ ಒತ್ತಿಬಿಡಲೇ" ಅಂದರು. ಅದಕ್ಕೂ ಒಂದು ಆಜ್ಞೆ ಇದೆ ಮಾವ, 'ಆಲ್‌ಯೆಸ್‌ಕಾನ್ಫಿಗ್' ಅಂತ. ನನ್ನ ಲ್ಯಾಪ್‌ಟಾಪಿನಲ್ಲಿ ಹಾಗೆ ಕರ್ನಲ್ ಕಟ್ಟಿ ಮುಗಿಯುವಷ್ಟರಲ್ಲಿ ಎರಡನೇ ಭತ್ತದ ಬೆಳೆಗೆ ಕಾಲುವೆ ನೀರೇ ಬಂದಿರುತ್ತದೆ.