ತುರ್ತು ವರ್ಗಾವಣೆಯ ಮೇಜರ್ ಸಾಹೇಬರಿಗೊಂದು ಬಹಿರಂಗ ಪತ್ರ

ಮಾನ್ಯ ಮೇಜರ್ ಸಾಹೇಬರೇ,

ತಾವು ಸೇನೆಯಲ್ಲಿಲ್ಲ ಎಂಬುದು ಸೇನೆಗೂ ಗೊತ್ತು, ತಮಗೂ ಗೊತ್ತು. ಆದರೂ ಆನ್‌ಲೈನಿನ ಹಳೇ ಸಾಮಾನಿನ ಪೇಟೆಯಲ್ಲಿ ಆ ಪದವಿ ತಮಗೆ ಖಾಯಂ ಆಗಿಬಿಟ್ಟಿರುವುದರಿಂದ ಹಾಗೇ ಕರೆಯುತ್ತೇನೆ. ಮೊನ್ನೆ ಬೈಕು, ನಿನ್ನೆ ಫ್ರಿಜ್ಜು ಮಾರುತ್ತಿದ್ದ ತಾವು ಇವತ್ತು ಎಂಟು ಇಂಚು ಅಗಲದ ಕನ್ನಡಿಯ ಡಾಬ್ಸೋನಿಯನ್ ಟೆಲಿಸ್ಕೋಪ್ ಮಾರಾಟಕ್ಕಿಟ್ಟಿದ್ದೀರಿ. ಕಾರಣ ಮಾತ್ರ ಅದೇ: ದಿಢೀರ್ ವರ್ಗಾವಣೆ. ಬೆಲೆ ಹೊಸದರ ಕಾಲುಭಾಗ. ಮಾಲು ಇರುವುದು ಹೊರಗಿನವರಿಗೆ ಪ್ರವೇಶವಿಲ್ಲದ ದಂಡಿನ ಪ್ರದೇಶದಲ್ಲಿ. ಮುಂಗಡ ಹಾಕಿದರೆ ಸೇನೆಯ ಲಾರಿಯಲ್ಲೇ ಮನೆಬಾಗಿಲಿಗೆ ಬರುತ್ತದಂತೆ. ಟೋಪಿ ಹಾಕುವ ಈ ಕಲೆಯನ್ನು ಮೆಚ್ಚಲೇಬೇಕು. ಆದರೆ ಸರಕಿನ ಆಯ್ಕೆಯಲ್ಲಿ ತಾವು ಸ್ವಲ್ಪ ಎಡವಿದ್ದೀರಿ. ನೋಡುವುದಕ್ಕೆಂದೇ ಹುಟ್ಟಿದ ಸಾಧನವನ್ನು ಮಾರುತ್ತಿದ್ದೀರಿ, ಅದನ್ನು ನೋಡಲು ಮಾತ್ರ ಬಿಡುತ್ತಿಲ್ಲ. ತಮ್ಮ ವೇಷಗಳು ನೂರಿರಬಹುದು, ಗುರುತು ಇದೊಂದೇ ಸಾಕು.

ಜಾಹೀರಾತಿನ ಚಿತ್ರಗಳಿಂದಲೇ ಶುರುಮಾಡೋಣ. ಮೊದಲನೆಯದು ಕಂಪನಿಯ ಕ್ಯಾಟಲಾಗಿನಿಂದ ಎತ್ತಿದ್ದು. ಹಿಂದೆ ಅಚ್ಚ ಬಿಳಿ ಗೋಡೆ, ಮೇಲೊಂದು ಗೀರೂ ಇಲ್ಲ. ಎರಡನೆಯದರಲ್ಲಿ ಹಿತ್ತಲ ತುಂಬ ಹಿಮ ಬಿದ್ದಿದೆ, ಮಾರಾಟಗಾರರ ಊರು ಬಳ್ಳಾರಿ. ಮೂರನೆಯದು 'ಇದರಲ್ಲೇ ತೆಗೆದದ್ದು' ಎಂಬ ಬಣ್ಣಬಣ್ಣದ ಓರಿಯನ್ ನೀಹಾರಿಕೆ. ಅದನ್ನು ತೆಗೆದದ್ದು ಭೂಮಿಯನ್ನು ಸುತ್ತುತ್ತಿರುವ, 2.4 ಮೀಟರ್ ಕನ್ನಡಿಯ ಹಬಲ್. ಎಂಟು ಇಂಚಿನ ಕೊಳವೆಗೆ ಕಣ್ಣಿಟ್ಟವರಿಗೆ ಅದೇ ನೀಹಾರಿಕೆ ಕಾಣುವುದು ಬೂದುಬಣ್ಣದ ತೆಳು ಮಬ್ಬಾಗಿ. ನಿಜಕ್ಕೂ ಬಳಸಿದ ಟೆಲಿಸ್ಕೋಪಿನ ಚಿತ್ರ ಇಷ್ಟು ಚೆಂದ ಇರುವುದಿಲ್ಲ. ಫೋಕಸರ್‌ನ ತಿರುಪು ಸವೆದಿರುತ್ತದೆ, ಕನ್ನಡಿಯ ಮೇಲೆ ಧೂಳು ಕೂತಿರುತ್ತದೆ, ಯಾವುದೋ ಒಂದು ಮುಚ್ಚಳ ಕಳೆದುಹೋಗಿರುತ್ತದೆ. 'ವಿಡಿಯೋ ಕಾಲ್ ಮಾಡಿ, ಕೊಳವೆಯ ಬಾಯಿಂದ ತಳದ ಕನ್ನಡಿ ತೋರಿಸಿ, ಪಕ್ಕದಲ್ಲಿ ಇವತ್ತಿನ ಪೇಪರ್ ಹಿಡಿಯಿರಿ' ಎಂದು ಗಿರಾಕಿ ಕೇಳಿದರೆ, ಟೆಲಿಸ್ಕೋಪ್ ಇದ್ದವರಿಗೆ ಅದು ಎರಡು ನಿಮಿಷದ ಕೆಲಸ. ತಾವು ಮಾತ್ರ ಆ ಕ್ಷಣಕ್ಕೇ ಪರೇಡಿಗೆ ಹೊರಟುಬಿಡುತ್ತೀರಿ. ಕನ್ನಡಿ ಕೇಳಿದರೆ ಐಡಿ ಕಾರ್ಡ್ ಕಳಿಸುತ್ತೀರಿ. ಕಾರ್ಡು ಯಾರದೋ, ಅದರ ಮೇಲಿನ ಮುಖ ಯಾರದೋ.

ಹಣದ ವಿಷಯದಲ್ಲೂ ಇದೇ ಕಥೆ. ಮೊದಲು ಚಿಕ್ಕದೊಂದು ಮುಂಗಡ, ಆಮೇಲೆ ಪ್ಯಾಕಿಂಗು, ಆಮೇಲೆ 'ವಾಪಸ್ ಬರುವ' ವಿಮೆ, ಆಮೇಲೆ ಗೇಟ್ ಪಾಸು. ಕೊಟ್ಟ ದುಡ್ಡು ಮುಳುಗೀತೆಂಬ ಭಯದಲ್ಲೇ ಮುಂದಿನ ಕಂತು ಬಂದು ಬೀಳುತ್ತದೆ. ಹಳೇ ಟೆಲಿಸ್ಕೋಪ್ ಮಾರಲು ಹೊರಟವರನ್ನೂ ತಾವು ಬಿಟ್ಟಿಲ್ಲ. ಅಲ್ಲಿ ತಾವೇ ಗಿರಾಕಿ. 'ದುಡ್ಡು ಬರಬೇಕಾದರೆ ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ' ಎನ್ನುತ್ತೀರಿ. ಯುಪಿಐನಲ್ಲಿ ಪಿನ್ ಒತ್ತುವುದು ಹಣ ಕೊಡುವುದಕ್ಕೆ; ಪಡೆಯುವುದಕ್ಕೆ ಪಿನ್ ಬೇಕಿಲ್ಲ. ಇಷ್ಟು ತಿಳಿದಿದ್ದರೆ ತಮ್ಮ ಅರ್ಧ ಅಂಗಡಿ ಬಾಗಿಲು ಹಾಕಿದಂತೆಯೇ.

ತಮಗೊಬ್ಬ ತಮ್ಮನೂ ಇದ್ದಾನೆ. ಅವನ ಹತ್ತಿರ ಮಾಲು ನಿಜಕ್ಕೂ ಇದೆ, ಸುಳ್ಳು ಇರುವುದು ಡಬ್ಬಿಯ ಮೇಲೆ. 76 ಮಿಲಿಮೀಟರ್ ಕನ್ನಡಿಯ ಪುಟಾಣಿ ಕೊಳವೆ 525 ಪಟ್ಟು ದೊಡ್ಡದಾಗಿ ತೋರಿಸುತ್ತದಂತೆ. ಲೆಕ್ಕವೇನೋ ಸರಿ: 700 ಮಿಲಿಮೀಟರ್ ನಾಭಿದೂರವನ್ನು 4 ಮಿಲಿಮೀಟರ್ ಐಪೀಸಿನಿಂದ ಭಾಗಿಸಿದರೆ 175, ಅದಕ್ಕೆ ಮೂರು ಪಟ್ಟಿನ ಬಾರ್ಲೋ ಮಸೂರ ಸೇರಿಸಿದರೆ 525. ಆದರೆ ಕನ್ನಡಿಯ ಅಗಲದ ಪ್ರತಿ ಮಿಲಿಮೀಟರಿಗೆ ಸುಮಾರು ಎರಡು ಪಟ್ಟು, ಅಂದರೆ ಇಲ್ಲಿ 150ರ ಆಸುಪಾಸು ದಾಟಿದ ಮೇಲೆ ಬಿಂಬ ಹಿಗ್ಗುತ್ತದೆಯೇ ಹೊರತು ಹೊಸ ವಿವರವೇನೂ ಕಾಣದು. ಕಾವಲೂರಿನ ವೈನು ಬಪ್ಪು ದೂರದರ್ಶಕವನ್ನು ಖಗೋಳ ವಿಜ್ಞಾನಿಗಳು ಗುರುತಿಸುವುದು ಅದರ 2.34 ಮೀಟರ್ ಕನ್ನಡಿಯಿಂದ. ಅದು ಎಷ್ಟು ಪಟ್ಟು ತೋರಿಸುತ್ತದೆ ಎಂದು ಯಾರೂ ಜಂಬ ಕೊಚ್ಚುವುದಿಲ್ಲ. ಈ ತಮ್ಮನ ಬಣ್ಣ ಬಯಲಾಗಲೂ ಒಂದೇ ಸಂಜೆ ಸಾಕು: ಬಾರ್ಲೋ ಹಾಕಿ ಗುರುಗ್ರಹವನ್ನು ನೋಡಲು ಬಿಟ್ಟರಾಯಿತು.

'ನಿಜವಾಗಿ ವರ್ಗವಾದವರು ಇರುವುದಿಲ್ಲವೇ? ದೂರದ ಊರಿನವರು ಮಾರಬಾರದೇ?' ಎಂದು ತಾವು ಕೇಳಬಹುದು. ಖಂಡಿತ ಇರುತ್ತಾರೆ, ಧಾರಾಳವಾಗಿ ಮಾರಲಿ. ಆದರೆ ಇಪ್ಪತ್ತು ಕಿಲೋ ಮೀರುವ, ಹೊಟ್ಟೆಯಲ್ಲಿ ಗಾಜಿನ ಕನ್ನಡಿ ಇಟ್ಟುಕೊಂಡ ಸಾಮಾನನ್ನು ಕೊರಿಯರಿಗೆ ಕೊಡಲು ಅದನ್ನು ಪ್ರೀತಿಸಿದವರ ಕೈ ನಡುಗುತ್ತದೆ. ದಾರಿಯ ಕುಲುಕಾಟಕ್ಕೆ ಕನ್ನಡಿಗಳ ಜೋಡಣೆ ತಪ್ಪುತ್ತದೆಂದು ಅವರಿಗೆ ಗೊತ್ತು. ಅದಕ್ಕೇ 'ನೀವೇ ಬಂದು ನೋಡಿ ಒಯ್ಯಿರಿ' ಎಂದು ಒತ್ತಾಯ ಮಾಡುವವರು ಅವರೇ. 'ಆಸೆ ತಣಿದವರು ಅಗ್ಗಕ್ಕೆ ಕೊಡಬಾರದೇ?' ಎಂಬ ಮಾತೂ ಸರಿಯೇ. ಅಟ್ಟ ಸೇರಿದ ಟೆಲಿಸ್ಕೋಪುಗಳು ಬೇಕಾದಷ್ಟಿವೆ, ಅಗ್ಗವೆಂಬುದೊಂದೇ ಅಪರಾಧವಲ್ಲ. ಆದರೆ ಅಗ್ಗದ ಜೊತೆ 'ಸಂಜೆಯೊಳಗೆ ಹಾಕಿ, ಇನ್ನೊಬ್ಬರು ಕಾಯುತ್ತಿದ್ದಾರೆ' ಎಂಬ ಅವಸರವೂ ಬಂದರೆ, ಅದು ನೋಡದಂತೆ ತಡೆಯುವ ಉಪಾಯ. ಕೊನೆಯ ಆಕ್ಷೇಪ ಸೂಕ್ಷ್ಮವಾದದ್ದು: ಹೀಗೆ ಎಲ್ಲರನ್ನೂ ಅನುಮಾನಿಸಿದರೆ ಈ ಪುಟ್ಟ ಹವ್ಯಾಸಿ ಬಳಗದಲ್ಲಿ ವಿಶ್ವಾಸ ಉಳಿದೀತೇ? ಹಳೇ ಬೈಕಿಗೆ ಒಮ್ಮೆ ಕಿಕ್ ಹೊಡೆದು ನೋಡುತ್ತೇನೆಂದರೆ ಯಾವ ಮಾಲೀಕನೂ ಮುನಿಸಿಕೊಳ್ಳುವುದಿಲ್ಲ. ಪರೀಕ್ಷೆ ಮರ್ಯಾದಸ್ಥ ಮಾರಾಟಗಾರನಿಗೆ ಅವಮಾನವಲ್ಲ. ತಮ್ಮಂಥವರ ಸಾಲಿನಿಂದ ಅವನನ್ನು ಬೇರೆ ಮಾಡುವುದೇ ಅದು. ವಿಶ್ವಾಸ ಕೆಡಿಸಿದವರು ತಾವು, ಅನುಮಾನದ ಬಿಲ್ಲನ್ನು ಗಿರಾಕಿಯ ಹೆಸರಿಗೆ ಬರೆಯಬೇಡಿ.

ಆದ್ದರಿಂದ ನಮ್ಮ ಷರತ್ತು ಸರಳ. ಕತ್ತಲಾದ ಮೇಲೆ ಬರುತ್ತೇವೆ, ಜೊತೆಗೆ ತಿಳಿದವರೊಬ್ಬರನ್ನು ಕರೆತರುತ್ತೇವೆ. ಒಂದು ನಕ್ಷತ್ರವನ್ನು ಫೋಕಸ್ ತಪ್ಪಿಸಿ ನೋಡುತ್ತೇವೆ. ಆಗ ಕಾಣುವ ಬೆಳಕಿನ ಉಂಗುರಗಳು ಒಂದರೊಳಗೊಂದು ಸರಿಯಾಗಿ ಕೂತಿದ್ದರೆ ಅಲ್ಲೇ ನಿಂತು ಪೂರ್ತಿ ಹಣ ಕೊಡುತ್ತೇವೆ. ಅದಕ್ಕೆ ಮುಂಚೆ ಚಿಕ್ಕಾಸೂ ಇಲ್ಲ. ಈಗಾಗಲೇ ನಾಮ ಹಾಕಿಸಿಕೊಂಡವರು ನಾಚಿಕೆಯಿಂದ ಸುಮ್ಮನಿರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. ದೂರು ಬೇಗ ಹೋದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು. ಹಗಲಲ್ಲೇ ನಕ್ಷತ್ರ ತೋರಿಸುವ ವಿದ್ಯೆ ತಮಗೆ ಸಿದ್ಧಿಸಿದೆ, ಒಪ್ಪಿದೆವು. ನಮಗೆ ರಾತ್ರಿಯವೇ ಸಾಕು. ತಮ್ಮ ಮುಂದಿನ ವರ್ಗಾವಣೆ ಸೈಬರ್ ಠಾಣೆಯ ವ್ಯಾಪ್ತಿಗೇ ಆಗಲಿ ಎಂದು ಹಾರೈಸುವ,

ಇಂತಿ,
ಮುಂಗಡ ಕೊಡದ ಗಿರಾಕಿ