ಗಾಳಿಗೂ ರೊಕ್ಕ ಕೊಡಬೇಕೇನ್ರಿ?

ಪಣಜಿಯಿಂದ ಫೋಂಡಾದತ್ತ ಹೊರಟು ಓಲ್ಡ್ ಗೋವಾದ ಇಗರ್ಜಿಗಳನ್ನು ದಾಟಿದರೆ ಕೊರ್ಲಿಮ್ ಸಿಗುತ್ತದೆ. ಅಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಪಾಳಿ ಬಿಡುವ ಹೊತ್ತಿಗೆ ಕೊಂಕಣಿ, ಹಿಂದಿಗಳ ನಡುವೆ ವಿಜಯಪುರ, ಬಾಗಲಕೋಟೆ, ಗದಗ ಸೀಮೆಯ ಕನ್ನಡವೂ ಗೇಟಿನಾಚೆ ಬರುತ್ತದೆ. ಅದರ ಬೆನ್ನಿಗೇ ಒಂದು ಹಳೇ ಸ್ಪ್ಲೆಂಡರ್ ಕೂಡ. ಹೀರೋ ಮತ್ತು ಹೋಂಡಾ ಬೇರೆಯಾಗಿ 2011ರಲ್ಲಿ ಕಂಪನಿಯ ಹೆಸರೇ ಬದಲಾದರೂ ಈ ಗಾಡಿಯ ಟ್ಯಾಂಕಿನ ಮೇಲೆ ಅವರಿಬ್ಬರ ಸಂಸಾರ ಇನ್ನೂ ಒಟ್ಟಿಗೇ ಇದೆ. ನಂಬರು ಕೆಎ 28. ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರು ಪಡೆಯಬೇಕೆಂದು ಕಾನೂನಿದೆ. ವರ್ಷಾ ಜಾತ್ರೆಗೆ ಊರಿಗೆ ಹೋಗಿಬರುವ ಗಾಡಿಗೆ ಹನ್ನೆರಡು ತಿಂಗಳು ಎಂದೂ ತುಂಬುವುದಿಲ್ಲ ಎನ್ನುವುದು ಯಜಮಾನನ ವಾದ. ಈತನನ್ನು ಸ್ಪ್ಲೆಂಡರ್ ಸಾವ್ಕಾರ ಎನ್ನೋಣ. ಇಂಥವರು ಬಾಗಲಕೋಟೆಯಲ್ಲೂ ಇದ್ದಾರೆ, ಬೆಂಗಳೂರಿನಲ್ಲೂ ಇದ್ದಾರೆ. ಗೋವಾದ ಮಳೆ ಮತ್ತು ಕೆಂಪು ಧೂಳು ಇವನನ್ನು ಸ್ವಲ್ಪ ಹದಗೊಳಿಸಿವೆ, ಅಷ್ಟೆ. ಸದ್ಯ ಸಾವ್ಕಾರನಿಗೆ ಒಂದು ಏರ್ ಫಿಲ್ಟರ್ ಬೇಕಾಗಿದೆ, ಅದೂ ‘ಬರೋಬ್ಬರಿ ರೇಟಿಂದು’. ಜೊತೆಯವರು ಅವನನ್ನು ಜಿಪುಣ ಎಂದು ತೀರ್ಮಾನಿಸಿಬಿಟ್ಟಿದ್ದಾರೆ. ಆ ತೀರ್ಮಾನ ತಪ್ಪು. ಅವನು ಕಣ್ಣಿಗೆ ಕಾಣುವುದಕ್ಕೆಲ್ಲ ಧಾರಾಳವಾಗಿ ಕೊಡುತ್ತಾನೆ. ಕಾಣದ್ದಕ್ಕೆ ಮಾತ್ರ ಅವನ ಕೈ ಜೇಬಿಗೆ ಇಳಿಯುವುದಿಲ್ಲ.

ಪುರಾವೆ ಬೇಕೆಂದರೆ ಗಾಡಿಯನ್ನೇ ನೋಡಿ. ಸೀಟಿಗೆ ಹೊಸ ರೆಕ್ಸಿನ್ ಬಂದಿದೆ, ಹ್ಯಾಂಡಲಿಗೆ ಬಣ್ಣದ ಕುಚ್ಚು ಬಂದಿದೆ, ಹಿಂದಿನ ಪ್ಲೇಟಿನ ಮೇಲೆ ಮಗಳ ಹೆಸರು ಬಂದಿದೆ. ಆಯುಧಪೂಜೆಯ ದಿನ ಹೆಡ್‌ಲೈಟಿನಿಂದ ಸೈಲೆನ್ಸರಿನವರೆಗೆ ಚೆಂಡುಹೂವು ಏರುತ್ತದೆ; ಹೂವಿನ ರೇಟು ಕೇಳಿ ಅವನು ಎರಡನೇ ಅಂಗಡಿಗೆ ಹೋದದ್ದಿಲ್ಲ. ಪೆಟ್ರೋಲಿನ ವಿಷಯದಲ್ಲಂತೂ ಅವನ ಕಣ್ಣು ಹದ್ದಿನದು. ಮೀಟರು ಸೊನ್ನೆಗೆ ಬರದೆ ಪೈಪು ಒಳಗಿಡಗೊಡುವುದಿಲ್ಲ; ಪೈಪಿನ ತುದಿಯ ಕೊನೇ ಹನಿ ಬೀಳದೆ ಟ್ಯಾಂಕಿನ ಮುಚ್ಚಳ ಹಾಕಗೊಡುವುದಿಲ್ಲ. ಆದರೆ ಇಂಜಿನ್ನು ಬರೀ ಪೆಟ್ರೋಲ್ ಕುಡಿದು ಬದುಕುವುದಿಲ್ಲ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಹೆಚ್ಚುಕಡಿಮೆ 14.7 ಕಿಲೋ ಗಾಳಿ ಬೇಕು. ಲೀಟರ್ ಪೆಟ್ರೋಲಿನ ತೂಕ ಸುಮಾರು ಮುಕ್ಕಾಲು ಕಿಲೋ. ಅದಕ್ಕೆ 11 ಕಿಲೋ ಗಾಳಿ, ಅಂದರೆ ಸುಮಾರು 9,000 ಲೀಟರ್. ಸಾವ್ಕಾರ ಹನಿ ಬಿಡದೆ ಕಾವಲು ಕಾಯುವುದು ಆ ಒಂದು ಲೀಟರಿಗೆ. ಜೊತೆಗೆ ಒಳಗೆ ಹೋಗುವ ಒಂಬತ್ತು ಸಾವಿರ ಲೀಟರಿಗೆ ಮೀಟರೂ ಇಲ್ಲ, ಬಿಲ್ಲೂ ಇಲ್ಲ. ಹಾಗಾಗಿ ಅವನ ಪುಸ್ತಕದಲ್ಲಿ ಅದು ಇಲ್ಲವೇ ಇಲ್ಲ. “ಗಾಳಿಗೂ ರೊಕ್ಕ ಕೊಡಬೇಕೇನ್ರಿ?” ಎಂದು ಅವನು ಕೇಳುವಾಗ ತಮಾಷೆ ಮಾಡುತ್ತಿರುವುದಿಲ್ಲ.

ಈ ನಂಬಿಕೆಯಿಂದಲೇ ಹುಡುಕಾಟ ಶುರುವಾಗುತ್ತದೆ. ಫೋಂಡಾದ ಅಂಗಡಿಯವನು ‘ಕಂಪನಿ ಮಾಲು’ ಮುಂದಿಟ್ಟರೆ ಸಾವ್ಕಾರ ಡಬ್ಬಿಯ ಮೇಲಿನ ಬೆಲೆ ಓದಿ, ಹಾವು ಕಂಡವನಂತೆ ಕೈ ಹಿಂದೆಗೆದು, “ಅಣ್ಣಾರ, ಇದರಾಗ ಲೋಕಲ್ ಇಲ್ಲೇನು?” ಎನ್ನುತ್ತಾನೆ. ಲೋಕಲ್ ಬಂದರೆ, “ಒರಿಜಿನಲ್ ಗತೆ ಇರೋ ಲೋಕಲ್ ಇಲ್ಲೇನು?” ಎನ್ನುತ್ತಾನೆ. ಅಲ್ಲಿಂದ ಪಣಜಿ, ಶುಕ್ರವಾರದ ಸಂತೆಯ ನೆಪದಲ್ಲಿ ಮಾಪುಸಾ, ಕೊನೆಗೆ ಚೋರ್ಲಾ ಘಾಟಿನಾಚೆಯ ಬೆಳಗಾವಿಯಲ್ಲಿರುವ ಷಡ್ಡಕನಿಗೆ ಫೋನು. ಅಷ್ಟರಲ್ಲಿ ಉಳಿಸಬೇಕೆಂದಿದ್ದ ಅರವತ್ತು ರೂಪಾಯಿ ಪೆಟ್ರೋಲಾಗಿ ಉರಿದುಹೋಗಿರುತ್ತದೆ. ಈ ನಡುವೆ ಮನೆಮದ್ದೂ ಸಾಗಿರುತ್ತದೆ. ಹಳೇ ಫಿಲ್ಟರನ್ನು ಮೆಟ್ಟಿಲಿಗೆ ಬಡಿದದ್ದಾಯಿತು, ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿದ್ದಾಯಿತು, ಸೋಪಿನ ಪುಡಿಯಲ್ಲಿ ನೆನೆಸಿ ತಂತಿಗೆ ಒಣಹಾಕಿದ್ದಾಯಿತು. ಸ್ಪಂಜಿನ ಫಿಲ್ಟರಾದರೆ ತೊಳೆದು ಎಣ್ಣೆ ಹಚ್ಚಿ ಮತ್ತೆ ಹಾಕಬಹುದು. ಎಣ್ಣೆ ಸವರಿದ ಮಡಿಕೆ ಕಾಗದದ ಫಿಲ್ಟರನ್ನು ಮಾತ್ರ ತೊಳೆಯಲೂಬಾರದು, ಗಾಳಿ ಹೊಡೆಯಲೂಬಾರದು. ಧೂಳು ಹಿಡಿಯುವ ಅಂಟೇ ಹೋಗುತ್ತದೆ, ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಆದರೆ ತೊಳೆದದ್ದು ಬೆಳ್ಳಗೆ ಕಾಣುತ್ತದಲ್ಲ! ಕಂಡಿತೆಂದರೆ ಸಾವ್ಕಾರನಿಗೆ ಸಾಕು.

ಅವನ ಪರವಾಗಿ ಹೇಳುವ ಮಾತುಗಳೂ ಇವೆ. ಮೊದಲನೆಯದು ಅವನದೇ: “ಗುಜರಿಯವ ಕಣ್ಣೆತ್ತಿ ನೋಡದ ಗಾಡಿಗೆ ಕಂಪನಿ ಫಿಲ್ಟರ್ ಯಾಕ?” ಕೇಳಲು ನ್ಯಾಯವಾಗಿದೆ. ಆದರೆ ಗುಜರಿಯವನು ಹೇಳುವುದು ಗಾಡಿ ಮಾರುವ ಬೆಲೆ. ಸಾವ್ಕಾರನಿಗೆ ಬೇಕಾದದ್ದು ನಾಳೆ ಬೆಳಿಗ್ಗೆ ಪಾಳಿಗೆ ಮುಟ್ಟಿಸುವ ಗಾಡಿ, ಅದರ ಬದಲಿಗೆ ಇನ್ನೊಂದು ತರಲು ಕಂತು ಕಟ್ಟಬೇಕು. ಫಿಲ್ಟರಿಗೆ 200 ರೂಪಾಯಿ, ಬಾಳಿಕೆ 12,000 ಕಿಲೋಮೀಟರ್ ಎಂದಿಟ್ಟುಕೊಳ್ಳಿ: ಕಿಲೋಮೀಟರಿಗೆ ಎರಡು ಪೈಸೆಯೂ ಬೀಳಲಿಲ್ಲ. ಕಾರ್ಬೊರೇಟರ್ ಗಾಡಿಯ ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಸಾಲದೆ ಪೆಟ್ರೋಲ್ ಹೆಚ್ಚು ಹೋಗುತ್ತದೆ. ಎವರೇಜು 50ರಿಂದ 45ಕ್ಕೆ ಇಳಿಯಿತೆನ್ನಿ. ಅದೇ ದಾರಿಗೆ ಸುಮಾರು 27 ಲೀಟರ್ ಹೆಚ್ಚುವರಿ, ಲೀಟರಿಗೆ ನೂರು ಹಿಡಿದರೂ 2,600 ರೂಪಾಯಿ ದಾಟಿತು. ಫಿಲ್ಟರನ್ನೇ ಕಿತ್ತುಹಾಕಿ ಓಡಿಸಿದರೆ ಇನ್ನೂ ಚೆಂದ: ರಸ್ತೆಯ ಮರಳಿನ ಕಣ ಪಿಸ್ಟನ್ನಿಗಿಂತ ಗಟ್ಟಿ, ಎಣ್ಣೆಯಲ್ಲಿ ಕಲಸಿಕೊಂಡು ಸಾಣೆ ಹಿಡಿದಂತೆ ಸಿಲಿಂಡರನ್ನು ತೇಯುತ್ತದೆ, ಆಮೇಲೆ ಸೈಲೆನ್ಸರಿನಲ್ಲಿ ಹೊಗೆ, ಗ್ಯಾರೇಜಿನಲ್ಲಿ ಬೋರ್ ಕೆಲಸ. ಅದಕ್ಕೇ ಸಾವ್ಕಾರ ಫಿಲ್ಟರ್ ಬಿಚ್ಚುವುದು ಹೊಗೆ ತಪಾಸಣೆಯ ದಿನ ಮಾತ್ರ. ಅವತ್ತೊಂದು ದಿನ ಗಾಡಿ ಚೆನ್ನಾಗಿ ಉಸಿರಾಡಿ ಪಾಸಾಗುತ್ತದೆ.

ಎರಡನೇ ತಕರಾರು ಇದಕ್ಕಿಂತ ಗಟ್ಟಿ. “ಕಂಪನಿಯವರೇನು ಫಿಲ್ಟರ್ ಮಾಡ್ತಾರೇನ್ರಿ? ಅವರೂ ಹೊರಗಿಂದಲೇ ತರ್ತಾರ. ಚೀಟಿಗೆ ಯಾಕ ರೊಕ್ಕ?” ಇದರಲ್ಲಿ ನಿಜವಿದೆ. ಗಾಡಿ ಕಂಪನಿಗಳಿಗೆ ಬಿಡಿಭಾಗ ಒದಗಿಸುವ ತಯಾರಕರು ತಮ್ಮ ಹೆಸರಿನಲ್ಲೂ ಅಂಗಡಿಗಳಿಗೆ ಮಾಲು ಕೊಡುವುದುಂಟು, ಅದು ಅಗ್ಗಕ್ಕೆ ಸಿಗುವುದೂ ಉಂಟು. ಹಾಗಾಗಿ ಅಗ್ಗದ್ದನ್ನು ಹುಡುಕುವುದರಲ್ಲಿ ತಪ್ಪೇನಿಲ್ಲ. ಆದರೆ ಹೆಸರು ಹೇಳಿಕೊಳ್ಳುವ ತಯಾರಕನ ಅಗ್ಗ ಬೇರೆ, ಹೆಸರೇ ಇಲ್ಲದ ಪ್ಲಾಸ್ಟಿಕ್ ಕೊಟ್ಟೆಯ ಅಗ್ಗ ಬೇರೆ. ವ್ಯತ್ಯಾಸ ತಿಳಿಯಲು ಇಂಜಿನಿಯರಿಂಗ್ ಬೇಡ. ಫಿಲ್ಟರನ್ನು ಅಂಗೈಯಲ್ಲಿಟ್ಟು ನೋಡಿದರಾಯಿತು. ಸುತ್ತಲಿನ ರಬ್ಬರಂಚು ಮೆತ್ತಗೆ, ಒಂದೇ ದಪ್ಪಕ್ಕೆ ಇರಬೇಕು. ಕಾಗದದ ಮಡಿಕೆಗಳು ಹೊಸ ಸೀರೆಯ ನೆರಿಗೆಯಂತೆ ಒತ್ತಾಗಿ, ಸಮನಾಗಿ ನಿಂತಿರಬೇಕು. ಅಂಚು ಸೊಟ್ಟಗಿದ್ದರೆ ಡಬ್ಬಿಗೆ ಕೂರುವುದಿಲ್ಲ, ಧೂಳು ಪಕ್ಕದಿಂದ ನುಸುಳುತ್ತದೆ. ಆಗ ಒಳಗಿರುವುದು ಫಿಲ್ಟರಲ್ಲ, ಬಾಗಿಲು ತೆರೆದಿಟ್ಟ ಮನೆಗೆ ಹಾಕಿದ ಬೀಗ. ಕಾಣುವುದನ್ನು ಇಷ್ಟು ಚೆನ್ನಾಗಿ ಕಾಣುವ ಸಾವ್ಕಾರ ಇದನ್ನು ಮಾತ್ರ ನೋಡುವುದಿಲ್ಲ. ಅವನ ಕಣ್ಣು ಬೆಲೆಯ ಚೀಟಿಯಲ್ಲೇ ನೆಟ್ಟಿರುತ್ತದೆ.

ಇನ್ನು “ಹಳೇ ಗಾಡಿದು ಸಾಮಾನು ಸಿಗಂಗಿಲ್ಲ” ಎಂಬ ಗೋಳು. ಈ ಗೋಳು ಹೊಯ್ದುಕೊಳ್ಳುವ ಹಕ್ಕಿರುವವರು ಬೇರೆ ಇದ್ದಾರೆ. ಯೆಜ್ದಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆರ್‌ಎಕ್ಸ್ 100 ಬೈಕಿನ ತಯಾರಿಕೆ ಕೂಡ ಅದೇ ವರ್ಷ ನಿಂತಿತು. ಯೆಜ್ದಿಯ ಒಂದು ಬಿಡಿಭಾಗಕ್ಕಾಗಿ ಊರೂರ ಗುಜರಿ ಜಾಲಾಡುವವನ ಮುಂದೆ ಸಾವ್ಕಾರನ ಕಷ್ಟ ಕಷ್ಟವೇ ಅಲ್ಲ. 1994ರಲ್ಲಿ ಬಂದ ಸ್ಪ್ಲೆಂಡರಿನ ವಂಶ ಇವತ್ತಿಗೂ ಷೋರೂಮಿನಲ್ಲಿದೆ. ಅದರ ಸಾಮಾನು ತಾಲ್ಲೂಕು ಊರಿನ ಅಂಗಡಿಯಲ್ಲೂ ಸಿಗುತ್ತದೆ. ಸಿಗದಿರುವುದು ಫಿಲ್ಟರಲ್ಲ, ಸಾವ್ಕಾರನ ಮನಸ್ಸಿನಲ್ಲಿರುವ ರೇಟು. ಅದು ಅವನು ಗಾಡಿ ಕೊಂಡ ವರ್ಷದ್ದು.

ಇಷ್ಟು ಹೇಳಿ ಅವನನ್ನು ನಕ್ಕು ಬಿಟ್ಟರೆ ಅನ್ಯಾಯವಾದೀತು. ನಗುವವರು ಯಾರೆಂದು ನೋಡಿದರೆ, ಐದು ವರ್ಷಕ್ಕೊಂದು ಗಾಡಿ ಬದಲಿಸಿ, ಬಿಲ್ಲಿನ ಕೆಳಗಿನ ಮೊತ್ತವನ್ನಷ್ಟೇ ಓದಿ ಸಹಿ ಹಾಕುವವರು. ಅವರಿಗೆ ಏರ್ ಫಿಲ್ಟರ್ ಎಲ್ಲಿದೆಯೆಂಬುದೇ ಗೊತ್ತಿಲ್ಲ. ಸಾವ್ಕಾರ ಪಕ್ಕದ ಕವರ್ ಕಣ್ಣು ಮುಚ್ಚಿ ಬಿಚ್ಚಬಲ್ಲ. ಹತ್ತು ಕಡೆ ರೇಟು ಕೇಳುವ ಇದೇ ಚಟ ಊರಲ್ಲಿ ಅವನಿಗೆ ಎರಡು ಖೋಲಿಯ ಮನೆ ಕಟ್ಟಿಕೊಟ್ಟಿದೆ. ಉಳಿತಾಯದ ಬುದ್ಧಿ ಅವನಲ್ಲಿ ಸಾಕಷ್ಟಿದೆ; ಅದನ್ನು ಪೆಟ್ರೋಲ್ ಪೈಪಿನಿಂದ ಬಿಡಿಸಿ ಒಂದು ಗೇಣು ಆಚೆ ತಿರುಗಿಸಿದರಾಯಿತು.

ತಿರುಗುವುದೂ ಉಂಟು. ಒಂದು ಮಳೆಗಾಲ ಗಾಡಿ ಏರಿನಲ್ಲಿ ಕೆಮ್ಮಿ ನಿಂತ ಮೇಲೆ ಹೊಸ ಫಿಲ್ಟರ್ ಬರುತ್ತದೆ. ಆದರೆ ಹಳೆಯದನ್ನು ಸಾವ್ಕಾರ ಎಸೆಯುವುದಿಲ್ಲ. “ಇರ್ಲಿ, ಬೇಕಾಗ್ತದ” ಎಂದು ಮನೆಗೆ ತಂದು, ಅಟ್ಟಕ್ಕೇರಿಸುವ ಮುನ್ನ ಅಭ್ಯಾಸಬಲದಿಂದ ಒಮ್ಮೆ ಹೊಸ್ತಿಲಿಗೆ ಬಡಿಯುತ್ತಾನೆ. ಆಗಷ್ಟೇ ಒರೆಸಿದ ನೆಲದ ಮೇಲೆ ಬೊಗಸೆಯಷ್ಟು ಕೆಂಪು ಧೂಳು ಸುರಿಯುತ್ತದೆ. ಇಷ್ಟು ದಿನ ಇಂಜಿನ್ನಿಗೆ ಹೋಗದೆ ಉಳಿದ ಕೊರ್ಲಿಮ್ಮಿನ ಮಣ್ಣು ಅದು, ಅವನು ಕೊಟ್ಟ ರೊಕ್ಕ ಮೊದಲ ಸಲ ಕಣ್ಣಿಗೆ ಬಿದ್ದದ್ದು. ಅದನ್ನು ಅವನಿಗಿಂತ ಮೊದಲು ಕಾಣುವವಳು ಹೆಂಡತಿ, ಕೈಯಲ್ಲಿ ಕಸಬರಿಗೆ ಹಿಡಿದು.