ಬಿಲ್ಡರ್ ಎಂಬ ಸಾಂತಾಕ್ಲಾಸ್

ಡಿಸೆಂಬರ್ ಎರಡನೇ ವಾರಕ್ಕೆ ಜಯನಗರದ ಹಳೆಯ ಮನೆಗಳಲ್ಲಿ ಪ್ಲಂಬರ್‌ಗೆ ಎಲ್ಲಿಲ್ಲದ ಬೇಡಿಕೆ. ಮಹಡಿ ಬಾತ್‌ರೂಮಿನ ಗೀಸರ್ ಕೆಟ್ಟು ಯಾವ ಕಾಲವಾಯಿತೋ, ಇಷ್ಟು ದಿನ ಅದರ ಗೊಡವೆ ಯಾರಿಗೂ ಇರಲಿಲ್ಲ. ಈಗ ನ್ಯೂಜೆರ್ಸಿಯಿಂದ ಮಗ ಬರುತ್ತಾನೆ, ಸ್ಯಾನ್ ಹೋಸೆಯಿಂದ ಮಗಳು ಬರುತ್ತಾಳೆ. ಯುಗಾದಿಗೆ ಅವರಿಗೆ ರಜೆ ಸಿಗಲಿಲ್ಲ. ಗೌರಿ ಹಬ್ಬದ ಬಾಗಿನ ಕೊರಿಯರ್‌ನಲ್ಲಿ ಹೋಯಿತು. ದೀಪಾವಳಿಯ ಆರತಿ ವಿಡಿಯೋ ಕಾಲ್‌ನಲ್ಲಿ ಮುಗಿಯಿತು. ಅಮೆರಿಕದ ಶಾಲೆಗೆ ಎರಡು ವಾರ ಬಾಗಿಲು ಹಾಕಿಸುವ ತಾಕತ್ತು ನಮ್ಮ ಮುಕ್ಕೋಟಿ ದೇವತೆಗಳಲ್ಲಿ ಒಬ್ಬರಿಗೂ ಇಲ್ಲ. ಅದು ಬೆತ್ಲೆಹೆಮಿನ ಕೂಸಿಗೆ ಮಾತ್ರ ಸಾಧ್ಯ. ಹಾಗಾಗಿ ಮಾಧ್ವರೋ ಸ್ಮಾರ್ತರೋ ಲಿಂಗಾಯತರೋ ಒಕ್ಕಲಿಗರೋ, ದಕ್ಷಿಣ ಬೆಂಗಳೂರಿನ ಕುಟುಂಬಗಳು ವರ್ಷಕ್ಕೊಮ್ಮೆ ಒಂದೇ ಸೂರಿನಡಿ ಪೂರ್ತಿ ಸೇರುವುದು ಕ್ರಿಸ್‌ಮಸ್‌ಗೆ. ಹೊರಗೆ ಧನುರ್ಮಾಸ ತನ್ನ ಪಾಡಿಗೆ ತಾನು ನಡೆದಿರುತ್ತದೆ. ಬೆಳಗಿನ ಜಾವ ದೇವಸ್ಥಾನದ ಹುಗ್ಗಿ, ಸಂಜೆ ಅಯ್ಯಂಗಾರ್ ಬೇಕರಿಯ ಎಗ್‌ಲೆಸ್ ಪ್ಲಮ್ ಕೇಕು, ರಾತ್ರಿ ಊಟವಾದ ಮೇಲೆ ಟೀವಿಯಲ್ಲಿ ಹಿಮಪಾತ.

ಆ ಹಿಮಪಾತದ ಸಿನಿಮಾಗಳನ್ನು ನೀವೂ ನೋಡಿರುತ್ತೀರಿ. ಒಂದನ್ನು ನೋಡಿದವರು ಉಳಿದವನ್ನೂ ನೋಡಿದ ಹಾಗೇ. ದೊಡ್ಡ ಪಟ್ಟಣದಲ್ಲಿ ದೊಡ್ಡ ನೌಕರಿ ಮಾಡುವ ಹುಡುಗಿ ಕ್ರಿಸ್‌ಮಸ್‌ಗೆಂದು ತವರಿಗೆ ಬರುತ್ತಾಳೆ. ಅಲ್ಲಿ ಅಪ್ಪನದೊಂದು ಬೇಕರಿ, ಇಲ್ಲವೇ ಅಜ್ಜಿಯದೊಂದು ಹಳೇ ಮನೆ. ಅದರ ಮೇಲೆ ಸೂಟು ತೊಟ್ಟ ಬಿಲ್ಡರನ ಕಣ್ಣು. ಊರಿನಲ್ಲಿ ಚೌಕುಳಿ ಅಂಗಿಯ ಬಡಗಿಯೊಬ್ಬನಿರುತ್ತಾನೆ. ಇವನ ಹೆಂಡತಿ ತೀರಿಕೊಂಡಿರುತ್ತಾಳೆ, ಹಲ್ಲು ಮಾತ್ರ ಒಂದೂ ಹಾಳಾಗಿರುವುದಿಲ್ಲ. ಊರವರೆಲ್ಲ ಸೇರಿ ಚಂದಾ ಎತ್ತುತ್ತಾರೆ. ಮುನಿದ ಅಪ್ಪ, ಮುನಿದ ಮಗಳು, ಮಧ್ಯೆ ಒಂದು ಲೋಟ ಬಿಸಿ ಕೋಕೋ. ನಮ್ಮ ಧಾರಾವಾಹಿಯ ಅತ್ತೆಗೆ ಸೊಸೆಯನ್ನು ಕ್ಷಮಿಸಲು ಎಂಟುನೂರು ಸಂಚಿಕೆ ಸಾಲದು. ಇಲ್ಲಿ ತೊಂಬತ್ತು ನಿಮಿಷದಲ್ಲಿ ಮೂರು ತಲೆಮಾರು ರಾಜಿಯಾಗುತ್ತದೆ. ಬಿಲ್ಡರ್ ಬಾಲ ಮುದುರಿಕೊಂಡು ಕಾರು ಹತ್ತುತ್ತಾನೆ. ಮನೆ ಉಳಿಯುತ್ತದೆ. ಕಟ್ಟಕಡೆಯ ನಿಮಿಷದಲ್ಲಿ ಒಂದೇ ಒಂದು ಮುತ್ತು, ಅದೂ ಅತ್ತೆಮಾವನ ಎದುರು ಕೂತು ನೋಡಬಹುದಾದಷ್ಟು ಸಭ್ಯವಾದದ್ದು.

ಈ ಉದ್ಯಮದ ಮೂಲಪುರುಷರು ಹಾಲ್‌ಮಾರ್ಕ್ ಎಂಬ ಶುಭಾಶಯ ಪತ್ರದ ವ್ಯಾಪಾರಿಗಳು. 1910ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಕಾರ್ಡು ಮಾರಲು ಶುರುಮಾಡಿದ ಕಂಪನಿ, 1951ರ ಡಿಸೆಂಬರ್ 24ರ ರಾತ್ರಿ ಎನ್‌ಬಿಸಿ ಟೀವಿಯಲ್ಲಿ ಸಂಗೀತ ಸಂಯೋಜಕ ಮೆನೊಟ್ಟಿಯ ‘ಅಮಾಲ್ ಅಂಡ್ ದಿ ನೈಟ್ ವಿಸಿಟರ್ಸ್’ ಎಂಬ ಒಪೆರಾವನ್ನು ಪ್ರಾಯೋಜಿಸಿತು. ಟೀವಿಗೆಂದೇ ರಚಿಸಿದ ಮೊದಲ ಒಪೆರಾ ಅದು. ಕುಂಟ ಹುಡುಗನೊಬ್ಬ ತನ್ನಲ್ಲಿರುವ ಏಕೈಕ ಸ್ಥಿರಾಸ್ತಿ ಚರಾಸ್ತಿಯಾದ ಊರುಗೋಲನ್ನೇ ದೇವರ ಕಂದನಿಗೆ ಕೊಡಲು ಮುಂದಾಗುವ ಕತೆ. ಒಳ್ಳೆಯ ಕತೆ, ತಕರಾರಿಲ್ಲ. ಆಮೇಲೆ ಊರುಗೋಲು ಹೋಗಿ ಬೇಕರಿ ಬಂತು. 2009ರಿಂದ ಹಾಲ್‌ಮಾರ್ಕ್ ಚಾನೆಲ್ಲಿನಲ್ಲಿ ‘ಕೌಂಟ್‌ಡೌನ್ ಟು ಕ್ರಿಸ್‌ಮಸ್’ ಎಂಬ ಮಾಲೆ ನಡೆದಿದೆ. ವರ್ಷ ವರ್ಷವೂ ಹತ್ತಾರು ಹೊಸ ಚಿತ್ರ. ಬಹಳಷ್ಟಕ್ಕೆ ಕೆನಡಾದಲ್ಲಿ, ಬೇಸಿಗೆಯಲ್ಲಿ, ನಕಲಿ ಹಿಮ ಹರಡಿ ಎರಡು ಮೂರು ವಾರದಲ್ಲಿ ಚಿತ್ರೀಕರಣ ಮುಗಿಸುತ್ತಾರೆ. ಪರದೆಯ ಮೇಲೆ ಚಳಿಗೆ ಗದಗುಟ್ಟುವ ನಾಯಕಿ ಉಣ್ಣೆ ಕೋಟಿನೊಳಗೆ ಬೆವರುತ್ತಿರುತ್ತಾಳೆ. ನೆಟ್‌ಫ್ಲಿಕ್ಸ್ 2017ರಲ್ಲಿ ‘ಎ ಕ್ರಿಸ್‌ಮಸ್ ಪ್ರಿನ್ಸ್’ ಬಿಟ್ಟು, 18 ದಿನಗಳಿಂದ ಪ್ರತಿದಿನವೂ ಅದನ್ನೇ ನೋಡುತ್ತಿರುವ 53 ಜನರಿಗೆ, ನಿಮ್ಮ ಮನಸ್ಸು ನೋಯಿಸಿದವರು ಯಾರಪ್ಪಾ ಎಂದು ಟ್ವಿಟರ್‌ನಲ್ಲಿ ಕೇಳಿತ್ತು. ಆ 53ರಲ್ಲಿ ಜೆ.ಪಿ. ನಗರದವರೆಷ್ಟು ಎಂದು ಕಂಪನಿ ತಿಳಿಸಿಲ್ಲ.

ನನ್ನ ಕುತೂಹಲ ಆ ಬಿಲ್ಡರನ ಬಗ್ಗೆ. ಅಜ್ಜಿಯ ಮನೆ ಉಳಿದಾಗ ನಮ್ಮ ಸೋಫಾದ ಮೇಲೆ ಕೂತು ಮೂಗೊರೆಸಿಕೊಳ್ಳುವ ಮಗರಾಯನ ಮೊಬೈಲಿನಲ್ಲಿ, ಅದೇ ಕ್ಷಣಕ್ಕೆ, ಜಂಟಿ ಅಭಿವೃದ್ಧಿ ಒಪ್ಪಂದದ ಕರಡು ಪ್ರತಿ ಪಿಡಿಎಫ್ ಆಗಿ ಬಂದು ಬಿದ್ದಿರುತ್ತದೆ. ಕಣ್ಣೀರು ನಿಜ, ಪಿಡಿಎಫ್ಫೂ ನಿಜ. ಒಂದಕ್ಕೊಂದು ಅಡ್ಡಿಯಿಲ್ಲ.

ಮನೆಯ ಚರಿತ್ರೆ ಚಿಕ್ಕದು. 1948ರಲ್ಲಿ ಶಂಕುಸ್ಥಾಪನೆಯಾದ ಬಡಾವಣೆ ಜಯನಗರ. 1976ರಲ್ಲಿ ಬಿಡಿಎ ಹುಟ್ಟುವ ಮುನ್ನ ಇಲ್ಲಿ ಸೈಟು ಹಂಚುತ್ತಿದ್ದದ್ದು ಸಿಐಟಿಬಿ. ಎಚ್‌ಎಂಟಿಯಲ್ಲೋ ಎಜಿ ಆಫೀಸಿನಲ್ಲೋ ಇದ್ದ ಅಪ್ಪ ಒಂದು ನಲವತ್ತು-ಅರವತ್ತರ ಸೈಟು ಪಡೆದರು. ಅಮ್ಮನ ಬಳೆ ಅಡವಿಟ್ಟು ಪಾಯ ಹಾಕಿದರು, ಪಿಎಫ್ ಸಾಲ ತೆಗೆದು ತಾರಸಿ ಹಾಕಿದರು, ಮುಂದೆ ಒಂದು ಪಾರಿಜಾತ, ಹಿಂದೆ ಎರಡು ತೆಂಗು. ಗೇಟಿನ ಮೇಲೆ ‘ಮಾತೃಕೃಪಾ’ ಎಂದು ಬರೆಸಿದರು. ಆ ನೆಲದ ಬೆಲೆ ಈಗ ಎಷ್ಟೆಂದರೆ ಅಪ್ಪ ಆಯುಷ್ಯಪೂರ್ತಿ ದುಡಿದ ಸಂಬಳವನ್ನೆಲ್ಲ ಕೂಡಿಸಿದರೂ ಕಾರ್ ಶೆಡ್ಡಿನ ಜಾಗ ಸಿಗುವುದು ಅನುಮಾನ. ಇಂಥ ಮನೆಯಲ್ಲಿ ಎರಡೇ ಜೀವ ಇರುವುದು ಅರ್ಥಶಾಸ್ತ್ರದ ಪ್ರಕಾರ ಅಪರಾಧವೆಂದು ಮಕ್ಕಳಿಗೆ ವಿಮಾನದಲ್ಲೇ ಹೊಳೆದಿರುತ್ತದೆ.

ಹಾಲ್‌ಮಾರ್ಕ್‌ನವರಿಗಿಂತ ನಮ್ಮವರ ಚಿತ್ರಕತೆ ಬಿಗಿಯಾಗಿದೆ. ಬಂದ ದಿನ ಯಾರೂ ಏನೂ ಹೇಳುವುದಿಲ್ಲ. ಮರುದಿನ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಶಾಪಿಂಗು, ಚುರುಮುರಿ, ‘ಅಮ್ಮಾ, ಈ ಟೇಸ್ಟು ಅಲ್ಲಿ ಸಿಗೋದೇ ಇಲ್ಲ’. ಮೂರನೆಯ ಸಂಜೆ ಕಾಫಿ ಹೊತ್ತಿಗೆ ಪೀಠಿಕೆ: ‘ಅಪ್ಪಾ, ಇಷ್ಟು ದೊಡ್ಡ ಮನೆ ಮೇಂಟೇನ್ ಮಾಡೋದು ನಿಮಗೆ ಕಷ್ಟ ಅಲ್ವಾ?’ ಅಪ್ಪ ಪೇಪರಿನಿಂದ ತಲೆ ಎತ್ತುವುದಿಲ್ಲ. ‘ಮೆಟ್ಟಿಲು ಹತ್ತೋಕೆ ಮಂಡಿ ನೋವು ಅಂತೀರಲ್ಲ, ಲಿಫ್ಟ್ ಬರುತ್ತೆ.’ ಆಗಲೂ ಎತ್ತುವುದಿಲ್ಲ. ‘ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು.’ ಈ ಮಾತು ಬಂದ ಮೇಲೆ ದಕ್ಷಿಣ ಬೆಂಗಳೂರಿನ ಯಾವ ಮನೆಯೂ ಉಳಿದದ್ದನ್ನು ನಾನು ಕಂಡಿಲ್ಲ.

ಭಾನುವಾರ ಬಿಲ್ಡರ್ ಆಗಮನ. ಸಾಂತಾ ಚಿಮಣಿಯಿಂದ ಇಳಿಯುತ್ತಾನಂತೆ. ಈತ ಬಿಳಿ ಇನ್ನೋವಾದಿಂದ ಇಳಿಯುತ್ತಾನೆ. ಕೈಯಲ್ಲಿ ಒಂದು ಕಿಲೋ ಡ್ರೈಫ್ರೂಟ್ಸ್, ಕಂಕುಳಲ್ಲಿ ಬ್ರೋಷರ್. ಬಂದವನೇ ಅಪ್ಪನ ಕಾಲಿಗೆ ಬೀಳುತ್ತಾನೆ. ಮಗ ಹಾಗೆ ಬಿದ್ದು ವರ್ಷಗಳೇ ಆಗಿರುವುದರಿಂದ ಅಪ್ಪನ ಕಣ್ಣು ತೇವವಾಗುತ್ತದೆ, ಇಡೀ ಡಿಸೆಂಬರಿನ ಏಕೈಕ ಭಾವುಕ ಗಳಿಗೆ ಇದು. ಆಮೇಲೆ ಉಡುಗೊರೆಗಳ ಹಂಚಿಕೆ. ಫಿಫ್ಟಿ-ಫಿಫ್ಟಿ. ಗುಡ್‌ವಿಲ್ ಇಷ್ಟು, ಅದು ವಾಪಸ್ ಕೊಡಬೇಕಿಲ್ಲದ ದುಡ್ಡು. ಕಟ್ಟುವ ತನಕ ಬಾಡಿಗೆ ನಮ್ಮದು ಸಾರ್. ಅಣ್ಣನಿಗೊಂದು ಮಹಡಿ, ಅಕ್ಕನಿಗೊಂದು ಮಹಡಿ, ಅಂಕಲ್ ಆಂಟಿಗೆ ಕೆಳಗಿನದು, ಗಾಳಿ ಬೆಳಕು ಸ್ವಲ್ಪ ಕಡಿಮೆ, ಆದರೆ ಮೆಟ್ಟಿಲ ತಾಪತ್ರಯವಿಲ್ಲ. ಪಾರಿಜಾತ ಇದ್ದಲ್ಲಿ ಸ್ಟಿಲ್ಟ್ ಪಾರ್ಕಿಂಗು, ತೆಂಗು ಇದ್ದಲ್ಲಿ ಜನರೇಟರು. ‘ಹೆಸರು ಮಾತ್ರ ಬದಲಾಯಿಸಬೇಡಿ’ ಎಂದು ಅಮ್ಮ ಒಳಗಿನಿಂದ ಹೇಳುತ್ತಾರೆ. ಬಿಲ್ಡರ್ ದೊಡ್ಡ ಮನಸ್ಸು ಮಾಡುತ್ತಾನೆ: ‘ಮಾತೃಕೃಪಾ ರೆಸಿಡೆನ್ಸಿ’. ಆ ರಾತ್ರಿ ಎಲ್ಲರೂ ಕೂತು ಇನ್ನೊಂದು ಸಿನಿಮಾ ನೋಡುತ್ತಾರೆ, ಅದರಲ್ಲೂ ಒಂದು ಮನೆ ಉಳಿಯುತ್ತದೆ.

ಹಿಮವಿಲ್ಲದ ಇಂಥ ಸಿನಿಮಾ ನಮ್ಮಲ್ಲೂ ಇತ್ತು. 1958ರಲ್ಲಿ ಬಿ.ಆರ್. ಪಂತುಲು ತೆಗೆದ ‘ಸ್ಕೂಲ್ ಮಾಸ್ಟರ್’. ನಿವೃತ್ತ ಮೇಷ್ಟ್ರನ್ನೂ ಅವರ ಹೆಂಡತಿಯನ್ನೂ ಮಕ್ಕಳು ತಲೆಗೊಬ್ಬರಂತೆ ಹಂಚಿಕೊಳ್ಳುತ್ತಾರೆ. ಕಷ್ಟಕಾಲಕ್ಕೆ ಕೈಹಿಡಿಯುವವನು ಹಳೆಯ ಶಿಷ್ಯ. ನನ್ನ ಪ್ರಕಾರ ಇದು ಹಾಲ್‌ಮಾರ್ಕಿನ ಇಡೀ ಉಗ್ರಾಣಕ್ಕಿಂತ ಪ್ರಾಮಾಣಿಕ ಚಿತ್ರ. ಈಗ ಅದನ್ನು ಹಾಕಿದರೆ ಮೊಮ್ಮಕ್ಕಳು ‘ಸೋ ಸ್ಯಾಡ್’ ಎಂದು ಎದ್ದುಹೋಗುತ್ತಾರೆ. ಅವರ ಅಪ್ಪ ಅವರಿಗಿಂತ ಮೊದಲೇ ಎದ್ದಿರುತ್ತಾನೆ.

ಇನ್ನು ಔದಾರ್ಯ. ಕೆಳಗಿನ ಬೀದಿಯಲ್ಲಿ ಮಂಗಳೂರು ಕಡೆಯ ಕ್ರೈಸ್ತ ಕುಟುಂಬವಿದ್ದರೆ ಹಬ್ಬಕ್ಕೆ ಮುಂಚೆ ಕುಸ್ವಾರ್ ತಟ್ಟೆ ಬರುತ್ತದೆ: ಕುಲ್‌ಕುಲ್, ನೆವ್ರಿ, ಒಂದು ತುಂಡು ಕೇಕು. ವಾರಗಟ್ಟಲೆ ಮನೆಮಂದಿಯೆಲ್ಲ ಕೂತು ಮಾಡಿ, ಜಾತಿ ಕೇಳದೆ ಬೀದಿಗೆಲ್ಲ ಹಂಚುವ ತಿಂಡಿ. ನಮ್ಮವರು ನಗುನಗುತ್ತ ಈಸಿಕೊಂಡು ಬಾಗಿಲು ಹಾಕಿ ಪಿಸುಗುಟ್ಟುತ್ತಾರೆ, ‘ಮೊಟ್ಟೆ ಹಾಕಿರ್ತಾರೆ ಕಣೇ’. ತಟ್ಟೆ ನೇರ ಕೆಲಸದವಳ ಕೈಗೆ. ಜೊತೆಗೆ ಮಗ ತಂದ ಚಾಕೊಲೇಟುಗಳಲ್ಲಿ ಅವಧಿ ಮುಗಿಯಲು ಬಂದದ್ದು, ಸೊಸೆಗೆ ಬಿಗಿಯಾದ ಸ್ವೆಟರು. ‘ಪಾಪ, ಅವಳೂ ನಮ್ಮನೆಯವಳ ಥರಾನೇ.’ ಮನೆ ಬಿಲ್ಡರನ ಪಾಲಾದ ಮೇಲೆ ಈ ಮನೆಯವಳ ಥರದವಳಿಗೆ ಎಲ್ಲಿ ಕೆಲಸ ಎಂಬುದು ಫಿಫ್ಟಿ-ಫಿಫ್ಟಿಯ ಯಾವ ಕಲಮಿನಲ್ಲೂ ಬರುವುದಿಲ್ಲ.

ಜೆ.ಪಿ. ನಗರದ ಆಚೆ ಹಂತಗಳ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಸಾಂತಾ ಖುದ್ದು ಬರುತ್ತಾನೆ. ಹಲವು ಕಡೆ ಆತ ರಾತ್ರಿ ಪಾಳಿಯ ವಾಚ್‌ಮನ್. ರಾಯಚೂರಿನವನೋ ಒಡಿಶಾದವನೋ, ಹತ್ತಿಯ ಗಡ್ಡ, ಬಾಡಿಗೆಯ ಕೆಂಪು ಅಂಗಿ, ಹೊಟ್ಟೆಗೆ ದಿಂಬು. ಈ ದಿಂಬು ಅನಿವಾರ್ಯ, ಯಾಕೆಂದರೆ ಅಸೋಸಿಯೇಷನ್ ಕೊಡುವ ಸಂಬಳದಲ್ಲಿ ಸಾಂತಾನ ಹೊಟ್ಟೆ ಬರುವುದಿಲ್ಲ. ಮಕ್ಕಳ ಕೈಗೆ ಪೊಟ್ಟಣ ಕೊಡುತ್ತ ‘ಹೋ ಹೋ’ ಎನ್ನುತ್ತಾನೆ. ಅವನ ಮಕ್ಕಳು ಊರಿನಲ್ಲಿ ಅಜ್ಜಿಯ ಹತ್ತಿರ. ಸಂಬಳ ಹೆಚ್ಚಳದ ವಿಷಯ ಮುಂದಿನ ಸಾಮಾನ್ಯ ಸಭೆಗೆ ಮುಂದೂಡಿಕೆಯಾಗಿದೆ ಎಂಬ ಸಂದೇಶವೂ ಸಾಂತಾ ಜೊತೆಗಿನ ಸೆಲ್ಫಿಗಳೂ ಒಂದೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಮೇಲೆ ಕೆಳಗೆ ಬಂದಿರುತ್ತವೆ.

ಆ ಹಿಮಪಾತದ ಸಿನಿಮಾದವರು ಹುಡುಕುವ ಕ್ರಿಸ್‌ಮಸ್ ನೋಡಬೇಕಾದರೆ 23ರ ರಾತ್ರಿ ಬಿಟಿಎಂ ದಾಟಿ ಮಡಿವಾಳಕ್ಕೆ ಹೋಗಿ. ಪಿಜಿಗಳ ಬಾಲ್ಕನಿಯಲ್ಲಿ ಕಾಗದದ ನಕ್ಷತ್ರ, ಕೆಳಗೆ ಕೇರಳದ ಬಸ್ಸಿಗೆ ಕಾದ ನರ್ಸುಗಳು, ಐಟಿ ಹುಡುಗರು. ಹಬ್ಬಕ್ಕೆಂದೇ ಏರಿದ ಟಿಕೆಟ್ ದರಕ್ಕೆ ಬೈದುಕೊಂಡು, ಸೂಟ್‌ಕೇಸಿನ ಮೇಲೆ ಕೂತು, ಬೆಳಗಾಗುವುದರೊಳಗೆ ಅಮ್ಮನ ಮನೆ ಸೇರುವ ಆತುರ. ಬಡಗಿಯಿಲ್ಲ, ಬೇಕರಿಯಿಲ್ಲ. ಇದನ್ನು ಯಾರೂ ಸಿನಿಮಾ ಮಾಡುವುದಿಲ್ಲ.

ಜಯನಗರದ ಕತೆಗೆ ಮರಳಿದರೆ, ಕ್ಲೈಮ್ಯಾಕ್ಸ್ ನಡೆಯುವುದು ಉಪನೋಂದಣಾಧಿಕಾರಿ ಕಚೇರಿಯಲ್ಲಿ. ಮಕ್ಕಳ ವಾಪಸ್ ಟಿಕೆಟ್ಟು ಜನವರಿ ಮೊದಲ ವಾರಕ್ಕೆ. ಅಷ್ಟರೊಳಗೆ ಇ-ಖಾತಾ ಆಗಬೇಕು, ಸರ್ವರ್ ಎದ್ದಿರಬೇಕು, ಎಲ್ಲರ ಹೆಬ್ಬೆಟ್ಟು ಬೀಳಬೇಕು. ಮೈಸೂರಿನಲ್ಲಿರುವ ಇನ್ನೊಬ್ಬ ಮಗಳನ್ನು ಇದಕ್ಕೆಂದೇ ಕರೆಸುತ್ತಾರೆ. ಅಪ್ಪನ ಸ್ವಯಾರ್ಜಿತ ಆಸ್ತಿಯಲ್ಲಿ, ಅವರು ವಿಲ್ ಬರೆಯದೆ ಹೋದರೆ, ಹೆಣ್ಣುಮಕ್ಕಳಿಗೆ ಸಮಪಾಲೆಂದು 1956ರ ಉತ್ತರಾಧಿಕಾರ ಕಾಯ್ದೆಯೇ ಹೇಳಿತ್ತು. ಪಿತ್ರಾರ್ಜಿತದಲ್ಲೂ ಸಮಪಾಲೆಂದು ಕರ್ನಾಟಕ 1994ರಲ್ಲಿ ಹೇಳಿತು, ಅದಾದ ಮೇಲೆ 2005ರಲ್ಲಿ ಕೇಂದ್ರ ಹೇಳಿತು. ನಮ್ಮ ಮನೆಗಳಲ್ಲಿ ಮಾತ್ರ ಅವಳ ಪಾಲಿಗೆ ಈಗಲೂ ‘ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು’ ಎಂದೇ ಲೆಕ್ಕ. ಒಂದು ರೇಷ್ಮೆ ಸೀರೆ, ಒಂದು ರಿಲೀಸ್ ಡೀಡು. ‘ಅವಳದ್ದು ದೊಡ್ಡ ಮನಸ್ಸು’ ಎಂದು ಅಣ್ಣಂದಿರು ಹೊಗಳುತ್ತಾರೆ. ಟೀವಿ ಸಿನಿಮಾದವರು ಹೇಳುವ ತ್ಯಾಗ ಇದೇ ಇರಬೇಕು.

ಅಪ್ಪಅಮ್ಮ ತಮ್ಮ ಪಾಲಿನ ಫ್ಲ್ಯಾಟನ್ನೂ ಮಗನ ಹೆಸರಿಗೆ ದಾನಪತ್ರ ಮಾಡಿಬಿಡುವುದುಂಟು. ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಬಹಳ ಕಡಿಮೆ, ಪ್ರೀತಿಗೆ ಸರ್ಕಾರವೂ ರಿಯಾಯಿತಿ ಕೊಟ್ಟಿದೆ. ಓದುಗರಲ್ಲಿ ಅರುವತ್ತು ದಾಟಿದವರು ದಯವಿಟ್ಟು ಇಷ್ಟು ಕೇಳಿ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯಲ್ಲಿ 23ನೇ ಕಲಂ ಎಂದೊಂದಿದೆ. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಪಡೆದವನು ನೋಡಿಕೊಳ್ಳದಿದ್ದರೆ, ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹೋಗಿ ಆ ಪತ್ರವನ್ನು ರದ್ದು ಮಾಡಿಸಬಹುದು. ಆದರೆ ಷರತ್ತು ಇತ್ತೆಂದು ತೋರಿಸಬೇಕು, 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹಾಗೆಂದು ಸ್ಪಷ್ಟವಾಗಿ ಹೇಳಿದೆ. 2025ರ ಜನವರಿಯಲ್ಲಿ ಅದೇ ಕೋರ್ಟು ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದಿತು. ಆ ಪ್ರಕರಣದಲ್ಲೂ ಕೋರ್ಟಿಗೆ ಹೋದ ತಾಯಿಯ ಕೈಯಲ್ಲಿ ಮಗ ಬರೆದುಕೊಟ್ಟ ಕಾಗದವಿತ್ತು. ‘ಪ್ರೀತಿ ವಿಶ್ವಾಸದಿಂದ’ ಎಂಬ ಮಾಮೂಲಿ ಸಾಲು ಬರೆದು ಬಾಯಿಮಾತನ್ನು ನಂಬಿದವರಿಗೆ ದಾರಿ ಕಷ್ಟ.

ಆದ್ದರಿಂದ ಸಹಿ ಹಾಕುವ ಮುನ್ನ ಷರತ್ತನ್ನು ಪತ್ರದಲ್ಲೇ ಬರೆಸಿ. ಮಗ ಬೇಜಾರು ಮಾಡಿಕೊಂಡರೆ ಒಂದು ಲೋಟ ಬಿಸಿ ಕೋಕೋ ಕೊಡಿ. ಅವಸರವೇನೂ ಇಲ್ಲ, ಡಿಸೆಂಬರ್ 25ರಂದು ನೋಂದಣಿ ಕಚೇರಿಗೆ ರಜೆ.